ಶುಕ್ರ ಗ್ರಹ: ಭೌತಿಕ ಲಕ್ಷಣಗಳು ಹಾಗೂ ಮೇಲ್ಮೈ ಪರಿಸ್ಥಿತಿ

ಶುಕ್ರವು ಸೌರವ್ಯೂಹದ ಎರಡನೆಯ ಗ್ರಹವಾಗಿದ್ದು, ಸೂರ್ಯನಿಂದ ಸರಾಸರಿ 10.8 ಕೋಟಿ ಕಿ.ಮೀ. ದೂರದಲ್ಲಿದೆ. ಸೂರ್ಯ ಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನವಾಗಿ ಕಾಣುವ ಗ್ರಹ ಇದೇ ಆಗಿದೆ. ಜನಸಾಮಾನ್ಯರು ಇದನ್ನು ಬೆಳ್ಳಿಚುಕ್ಕಿ ಎಂದು ಗುರುತಿಸುತ್ತಾರೆ. ನಕ್ಷತ್ರವೆಂದು ಕರೆಯುವ ರೂಢಿಯೂ ಇದೆಯಾದರೂ ಶುಕ್ರಕ್ಕೆ ಸ್ವಂತ ಬೆಳಕಿಲ್ಲ. ದಟ್ಟ ಮೋಡಗಳು ತಮ್ಮ ಮೇಲೆ ಬಿದ್ದ ಬಿಸಿಲಿನ ಸುಮಾರು ಮುಕ್ಕಾಲು ಪಾಲನ್ನು ಪ್ರತಿಫಲಿಸುವುದೇ ಈ ಹೊಳಪಿಗೆ ಕಾರಣ.

ಶುಕ್ರದ ವ್ಯಾಸ 12,104 ಕಿ.ಮೀ. ಇದು ಭೂಮಿಯ ವ್ಯಾಸಕ್ಕಿಂತ ಸುಮಾರು 650 ಕಿ.ಮೀ. ಮಾತ್ರ ಕಡಿಮೆ. ದ್ರವ್ಯರಾಶಿಯು ಭೂಮಿಯ ಶೇ. 81ಕ್ಕಿಂತ ತುಸು ಹೆಚ್ಚು. ಈ ಕಾರಣದಿಂದ ಇದನ್ನು ಭೂಮಿಯ ಅವಳಿ ಎನ್ನುವುದುಂಟು. ಆದರೆ ಹೋಲಿಕೆ ಗಾತ್ರಕ್ಕಷ್ಟೇ ಸೀಮಿತ.

ಗ್ರಹದ ಮೇಲ್ಮೈ ಉಷ್ಣತೆ ಸುಮಾರು 465 ಡಿಗ್ರಿ ಸೆಲ್ಸಿಯಸ್ ಆಗಿರುತ್ತದೆ. ಸೀಸವು 327 ಡಿಗ್ರಿಯಲ್ಲಿಯೇ ಕರಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬಹುದು. ಹಗಲು ರಾತ್ರಿಗಳ ನಡುವೆ, ಸಮಭಾಜಕ ಹಾಗೂ ಧ್ರುವಗಳ ನಡುವೆ ಉಷ್ಣತೆಯಲ್ಲಿ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ಸೂರ್ಯನಿಗೆ ಹತ್ತಿರವಿರುವುದೇ ಈ ತಾಪಕ್ಕೆ ಕಾರಣವೆಂಬ ಭಾವನೆ ಸರಿಯಲ್ಲ. ಇನ್ನೂ ಸಮೀಪದಲ್ಲಿರುವ ಬುಧ ಗ್ರಹವೂ ಇಷ್ಟು ಕಾಯುವುದಿಲ್ಲ. ಅಷ್ಟೇ ಅಲ್ಲ, ಮೋಡಗಳ ಹೊದಿಕೆಯಿಂದಾಗಿ ಶುಕ್ರವು ಹೀರಿಕೊಳ್ಳುವ ಬಿಸಿಲು ಭೂಮಿ ಹೀರಿಕೊಳ್ಳುವುದಕ್ಕಿಂತ ಕಡಿಮೆ. ನಿಜವಾದ ಕಾರಣ ಅದರ ವಾತಾವರಣ. ಅದರಲ್ಲಿ ಶೇ. 96.5ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದು, ಉಳಿದದ್ದು ಬಹುಪಾಲು ಸಾರಜನಕ. ಒಳಬಂದ ಶಾಖ ಹೊರಹೋಗದಂತೆ ಈ ಅನಿಲವು ತಡೆಯುತ್ತದೆ. ಇದೇ ಹಸಿರುಮನೆ ಪರಿಣಾಮ. ಭೂಮಿಯಲ್ಲಿಯೂ ಇಂಗಾಲ ಹೇರಳವಾಗಿದೆ. ಆದರೆ ಅದರ ಬಹುಭಾಗ ಸಮುದ್ರಗಳ ನೆರವಿನಿಂದ ಸುಣ್ಣಕಲ್ಲಿನಂತಹ ಶಿಲೆಗಳಲ್ಲಿ ಸೇರಿಹೋಗಿದೆ. ನೀರಿಲ್ಲದ ಶುಕ್ರದಲ್ಲಿ ಅದು ಗಾಳಿಯಲ್ಲೇ ಉಳಿದಿದೆ.

ಮೇಲ್ಮೈಯಲ್ಲಿ ಗಾಳಿಯ ಒತ್ತಡ ಭೂಮಿಯದಕ್ಕಿಂತ 90 ಪಟ್ಟಿಗೂ ಅಧಿಕ. ಇದು ಸಮುದ್ರದಲ್ಲಿ ಸುಮಾರು 900 ಮೀಟರ್ ಆಳದ ಒತ್ತಡಕ್ಕೆ ಸಮ. ಮೋಡಗಳು ಗಂಧಕಾಮ್ಲದ ಹನಿಗಳಿಂದ ಕೂಡಿವೆ. ಸೋವಿಯತ್ ಒಕ್ಕೂಟದ ವೆನೆರಾ-7 ನೌಕೆ 1970ರ ಡಿಸೆಂಬರ್‌ನಲ್ಲಿ ಇಲ್ಲಿ ಇಳಿದು ಮಾಹಿತಿ ಕಳುಹಿಸಿತು. 1982ರಲ್ಲಿ ಇಳಿದ ವೆನೆರಾ-13 ಕೆಲಸ ಮಾಡಿದ್ದು ಎರಡು ಗಂಟೆಗಳಿಗಿಂತ ತುಸು ಹೆಚ್ಚು ಕಾಲ ಮಾತ್ರ.

ಶುಕ್ರವು ಸೂರ್ಯನನ್ನು 225 ದಿನಗಳಲ್ಲಿ ಸುತ್ತುತ್ತದೆ. ತನ್ನ ಅಕ್ಷದ ಮೇಲೆ ಒಮ್ಮೆ ತಿರುಗಲು 243 ದಿನ ಬೇಕು, ಅದೂ ಭೂಮಿಗೆ ವಿರುದ್ಧ ದಿಕ್ಕಿನಲ್ಲಿ. ಆದ್ದರಿಂದ ಅಲ್ಲಿ ಸೂರ್ಯೋದಯ ಪಶ್ಚಿಮದಲ್ಲಿ. ಶುಕ್ರಕ್ಕೆ ಉಪಗ್ರಹಗಳಿಲ್ಲ.

ಅಮೆರಿಕದ ಮೆಗೆಲ್ಲನ್ ನೌಕೆಯು 1990 ರಿಂದ 1994ರವರೆಗೆ ರೇಡಾರ್ ನೆರವಿನಿಂದ ಮೋಡಗಳಾಚೆಗಿನ ನೆಲದ ನಕ್ಷೆ ತಯಾರಿಸಿತು. ಲಾವಾ ಬಯಲುಗಳು, ಸಾವಿರಾರು ಜ್ವಾಲಾಮುಖಿಗಳು ಹಾಗೂ ಸುಮಾರು 11 ಕಿ.ಮೀ. ಎತ್ತರದ ಮ್ಯಾಕ್ಸ್‌ವೆಲ್ ಪರ್ವತ ಅದರಲ್ಲಿ ಕಂಡುಬಂದಿವೆ. 1991ರ ಆ ಚಿತ್ರಗಳನ್ನೇ ಮತ್ತೆ ಪರಿಶೀಲಿಸಿದ ವಿಜ್ಞಾನಿಗಳು, ಕೆಲವೇ ತಿಂಗಳಲ್ಲಿ ಜ್ವಾಲಾಮುಖಿಯೊಂದರ ಬಾಯಿ ಆಕಾರ ಬದಲಿಸಿದ್ದನ್ನು 2023ರಲ್ಲಿ ಪ್ರಕಟಿಸಿದರು. ಭಾರತದ ಶುಕ್ರಯಾನ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2024ರ ಸೆಪ್ಟೆಂಬರ್‌ನಲ್ಲಿ ಅನುಮೋದನೆ ನೀಡಿದೆ.

ಶುಕ್ರವನ್ನು ಬೆಳಗಿನ ಜಾವ ಪೂರ್ವದಲ್ಲಿ ಅಥವಾ ಸಂಜೆ ಪಶ್ಚಿಮದಲ್ಲಿ ಬರಿಗಣ್ಣಿನಿಂದ ನೋಡಬಹುದು. ಸಣ್ಣ ದೂರದರ್ಶಕದಲ್ಲಿ ಚಂದ್ರನಂತೆ ಅದರ ಕಲೆಗಳೂ ಗೋಚರಿಸುತ್ತವೆ. ಸೂರ್ಯನು ಆಕಾಶದಲ್ಲಿರುವಾಗ ದೂರದರ್ಶಕವನ್ನು ಆ ಕಡೆ ತಿರುಗಿಸಿದಲ್ಲಿ ಕಣ್ಣಿಗೆ ಶಾಶ್ವತ ಹಾನಿಯಾಗುವುದರಿಂದ, ಸೂರ್ಯಾಸ್ತದ ನಂತರ ಅಥವಾ ಸೂರ್ಯೋದಯಕ್ಕೆ ಮೊದಲು ಮಾತ್ರ ವೀಕ್ಷಿಸತಕ್ಕದ್ದು.