ಶಿಂಗ್ ಮುನ್: ಚಾರಣದ ಹಾದಿಯಲ್ಲಿ ಯುದ್ಧದ ಸುರಂಗಗಳು

ಹಾಂಕಾಂಗ್ ಎಂದೊಡನೆ ಗಗನಚುಂಬಿ ಕಟ್ಟಡಗಳೇ ನೆನಪಾಗುವುದು ಸಹಜ. ಆದರೆ ಕೌಲೂನ್ ನಗರದ ಬೆನ್ನಿಗೇ ಹಸಿರು ಬೆಟ್ಟಗಳ ಸಾಲಿದೆ. 1979ರಲ್ಲಿ ಆರಂಭವಾದ, 100 ಕಿ.ಮೀ. ಉದ್ದದ ಮೆಕ್‌ಲಿಹೋಸ್ ಚಾರಣಪಥ ಈ ಸಾಲನ್ನು ಹಾದುಹೋಗುತ್ತದೆ. ಅದರ ಹತ್ತು ಹಂತಗಳ ಪೈಕಿ ಆರನೆಯದು ಕೇವಲ 4.6 ಕಿ.ಮೀ. ದೂರದ್ದು. ಶಿಂಗ್ ಮುನ್ ಜಲಾಶಯದಿಂದ ಮೇಲೇರುವ ಈ ಹಾದಿಯ ಇಕ್ಕೆಲಗಳಲ್ಲಿ ಪೊದೆಗಳ ನಡುವೆ ಕಾಂಕ್ರೀಟಿನ ಸುರಂಗಗಳು ಬಾಯ್ದೆರೆದು ನಿಂತಿವೆ.

ಇವು 'ಜಿನ್ ಡ್ರಿಂಕರ್ಸ್ ಲೈನ್' ಎಂಬ ರಕ್ಷಣಾ ಸಾಲಿನ ಅವಶೇಷಗಳು. ಪಶ್ಚಿಮ ತುದಿಯಲ್ಲಿದ್ದ ಕೊಲ್ಲಿಯಿಂದ ಈ ವಿಚಿತ್ರ ಹೆಸರು ಬಂದಿತು. ಉತ್ತರದಿಂದ ಬರಬಹುದಾದ ದಾಳಿಯನ್ನು ತಡೆಯಲು ಬ್ರಿಟಿಷರು 1936ರಲ್ಲಿ ಸುಮಾರು 18 ಕಿ.ಮೀ. ಉದ್ದದ ಈ ಸಾಲಿನ ನಿರ್ಮಾಣಕ್ಕೆ ಕೈಹಾಕಿದರು. ಅದನ್ನು ಕಾಯುವಷ್ಟು ಸೈನ್ಯವಿಲ್ಲವೆಂಬ ಕಾರಣಕ್ಕೆ 1938ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1941ರ ನವೆಂಬರ್‌ನಲ್ಲಿ ಕೆನಡಾದ ಪಡೆಗಳು ಬಂದಿಳಿದ ಮೇಲೆ ಮತ್ತೆ ಜೀವ ಬಂದಿತಾದರೂ ಇಡೀ ಸಾಲಿಗೆ ಸಿಕ್ಕಿದ್ದು ಮೂರೇ ಬೆಟಾಲಿಯನ್. ಅವುಗಳಲ್ಲಿ ಎರಡು ಭಾರತೀಯ ಸೇನೆಯವು: 14ನೇ ಪಂಜಾಬ್ ರೆಜಿಮೆಂಟಿನ 2ನೇ ಬೆಟಾಲಿಯನ್ ಹಾಗೂ 7ನೇ ರಜಪೂತ್ ರೆಜಿಮೆಂಟಿನ 5ನೇ ಬೆಟಾಲಿಯನ್. ಪಶ್ಚಿಮದ ಹೊಣೆ ರಾಯಲ್ ಸ್ಕಾಟ್ಸ್‌ನದಾಗಿತ್ತು.

ಶಿಂಗ್ ಮುನ್ ಈ ಸಾಲಿನ ಕೀಲಿಕೈ. ಸುಮಾರು 12 ಎಕರೆ ವಿಸ್ತಾರದಲ್ಲಿ ಮೆಷಿನ್‌ಗನ್ ಗೂಡುಗಳು, ವೀಕ್ಷಣಾ ಠಾಣೆ, ಅವನ್ನು ಬೆಸೆಯುವ ಸುರಂಗಗಳು. ಸೈನಿಕರು ದಾರಿ ತಪ್ಪದಿರಲೆಂದು ಸುರಂಗಗಳಿಗೆ ಲಂಡನ್ನಿನ ಬೀದಿಗಳ ಹೆಸರಿಡಲಾಗಿತ್ತು. ಪಿಕಾಡಿಲಿ, ರೀಜೆಂಟ್ ಸ್ಟ್ರೀಟ್, ಚೇರಿಂಗ್ ಕ್ರಾಸ್ ಎಂಬ ಅಕ್ಷರಗಳನ್ನು ಕಾಂಕ್ರೀಟಿನಲ್ಲಿ ಇಂದಿಗೂ ಓದಬಹುದು.

ಜಪಾನ್ 1941ರ ಡಿಸೆಂಬರ್ 8ರಂದು ಗಡಿ ದಾಟಿತು. ಮರುರಾತ್ರಿಯೇ ಕರ್ನಲ್ ದೋಯಿ ಅವರ ರೆಜಿಮೆಂಟ್ ಕತ್ತಲಲ್ಲಿ ಗುಡ್ಡವೇರಿತು. ಒಳಗಿದ್ದವರು ಬೆರಳೆಣಿಕೆಯ ಸೈನಿಕರು. ಅಷ್ಟು ವಿಸ್ತಾರವನ್ನು ಅವರು ಕಾಯುವುದಾದರೂ ಹೇಗೆ? ದಾಳಿಕೋರರು ಗಾಳಿಕಿಂಡಿಗಳ ಮೂಲಕ ಗ್ರೆನೇಡ್ ಎಸೆದರು. ರಕ್ಷಣೆಗೆಂದು ಕಟ್ಟಿದ ಸುರಂಗವೇ ಬೋನಾಯಿತು. ವಾರವಾದರೂ ನಿಲ್ಲುವುದೆಂದು ನಂಬಿದ್ದ ಸಾಲು ಬೆಳಗಾಗುವಷ್ಟರಲ್ಲಿ ಭೇದಿಸಲ್ಪಟ್ಟಿತ್ತು. ದೋಷ ಸೈನಿಕರದೆನ್ನುವುದಕ್ಕಿಂತ, ಇಷ್ಟು ಜನಬಲದಿಂದ ಇಷ್ಟುದ್ದದ ಸಾಲನ್ನು ಹಿಡಿದಿಡಬಹುದೆಂದು ಎಣಿಸಿದ ಲೆಕ್ಕಾಚಾರದ್ದೆನ್ನುವುದೇ ಸರಿ.

ಪಡೆಗಳು ದ್ವೀಪಕ್ಕೆ ಹಿಮ್ಮೆಟ್ಟುವಾಗ ಡೆವಿಲ್ಸ್ ಪೀಕ್ ಬೆಟ್ಟದಲ್ಲಿ ಬೆನ್ನುಕಾದವರು ರಜಪೂತರು. ಡಿಸೆಂಬರ್ 13ರಂದು ಕಟ್ಟಕಡೆಯವರಾಗಿ ಅವರು ನೀರು ದಾಟಿದರು. ಕ್ರಿಸ್‌ಮಸ್ ದಿನ ಹಾಂಕಾಂಗ್ ಶರಣಾಯಿತು. ಮಡಿದ ಭಾರತೀಯ ಯೋಧರ ಹೆಸರುಗಳು ದ್ವೀಪದ ಸಾಯ್ ವಾನ್ ಯುದ್ಧ ಸ್ಮಶಾನದಲ್ಲಿವೆ. ಧರ್ಮಾನುಸಾರ ದಹನಗೊಂಡವರಿಗೆ ಅಲ್ಲಿ ಪ್ರತ್ಯೇಕ ಸ್ಮಾರಕವೂ ಇದೆ.

ತ್ಸುಯೆನ್ ವಾನ್ ಮೆಟ್ರೊ ನಿಲ್ದಾಣದ ಸಮೀಪದಿಂದ 82ನೇ ಸಂಖ್ಯೆಯ ಮಿನಿಬಸ್ಸು ಜಲಾಶಯದವರೆಗೆ ಒಯ್ಯುತ್ತದೆ. ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಒಣಹವೆ ಚಾರಣಕ್ಕೆ ಪ್ರಶಸ್ತ. ಸುರಂಗಗಳೊಳಗೆ ಕಗ್ಗತ್ತಲು, ಕಾಲಡಿ ಕಲ್ಲುಮಣ್ಣು. ಟಾರ್ಚ್ ಇಲ್ಲದೆ ಇಳಿಯುವುದು ತರವಲ್ಲ. ಕೋತಿಗಳ ಕಾಟವೂ ಉಂಟು. ಅವಕ್ಕೆ ತಿಂಡಿ ಕೊಡುವುದು ಅಲ್ಲಿ ಕಾನೂನುಬಾಹಿರ.