ಐದು ಶಿಲಿಂಗಿನ ರಸೀದಿ
ವಲಸಿಗರ ಸಂಘಗಳ ಲೆಕ್ಕಪತ್ರದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಡರ್ಬನ್. 1894ರ ಆಗಸ್ಟ್ 22ರಂದು ಅಲ್ಲಿನ ಭಾರತೀಯರು ನೇಟಾಲ್ ಇಂಡಿಯನ್ ಕಾಂಗ್ರೆಸ್ ಕಟ್ಟಿದರು. ಕಾರ್ಯದರ್ಶಿ 24ರ ಹರೆಯದ ವಕೀಲ ಮೋಹನದಾಸ ಗಾಂಧಿ. ಚಂದಾ ತಿಂಗಳಿಗೆ ಕನಿಷ್ಠ 5 ಶಿಲಿಂಗ್.

ಹುರುಪಿನಲ್ಲಿ ಹೆಸರು ಬರೆಸಿದವರು ಬಹಳ, ತಿಂಗಳು ತಿಂಗಳು ಕೊಡುವವರು ಕಡಿಮೆ. ವಸೂಲಿಗೆ ಅಲೆದು ಸಾಕಾಗಿ ಚಂದಾವನ್ನು ವರ್ಷಕ್ಕೆ ಕನಿಷ್ಠ 3 ಪೌಂಡ್ ಎಂದು ಬದಲಿಸಿದರು. ಕೊಟ್ಟವರು ರಸೀದಿ ಕೇಳುತ್ತಿರಲಿಲ್ಲ, ಗಾಂಧಿ ಕೊಡದೆ ಬಿಡುತ್ತಿರಲಿಲ್ಲ. ಆ ವರ್ಷದ ಲೆಕ್ಕದ ಪುಸ್ತಕಗಳು ಇಂದಿಗೂ ಸಿಕ್ಕಾವು ಎಂದು ಮುಂದೆ ಆತ್ಮಕಥೆಯಲ್ಲಿ ಧೈರ್ಯವಾಗಿ ಬರೆದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಣದ ಚಿಂತೆ ತಪ್ಪಲೆಂದು ಸಂಘ ಆಸ್ತಿ ಮಾಡಿತು, ಬಾಡಿಗೆಯೂ ಬಂತು. ಗಾಂಧಿ ಅಲ್ಲಿಂದ ಹೊರಟ ಮೇಲೆ ಅದಕ್ಕಾಗಿಯೇ ಜಗಳ ಹುಟ್ಟಿ ಬಾಡಿಗೆ ಕೋರ್ಟಿನಲ್ಲಿ ಜಮೆಯಾಗತೊಡಗಿತು. ಖಾಯಂ ನಿಧಿಯಿರುವ ಸಂಸ್ಥೆ ಜನರ ಮಾತಿಗೆ ಕಿವಿಗೊಡುವುದನ್ನು ಬಿಡುತ್ತದೆ, ವರ್ಷ ವರ್ಷ ಬರುವ ಚಂದಾವೇ ಆಡಳಿತದ ಪ್ರಾಮಾಣಿಕತೆಗೆ ಪರೀಕ್ಷೆ ಎಂಬುದು ಅವರು ಕಂಡುಕೊಂಡ ಪಾಠ.

ಪ್ರಾಜೆಕ್ಟ್‌ಗಳ ಆಡಿಟ್ ಎದುರಿಸಿಯೇ ಸಂಬಳ ಎಣಿಸುವ ನನಗೆ ಇದು ಸರಿಯೆನಿಸುತ್ತದೆ. ಲೆಕ್ಕಪರಿಶೋಧಕರು ವೋಚರಿಗೂ ಮೊತ್ತಕ್ಕೂ ತಾಳೆ ನೋಡುತ್ತಾರೆ. ಆ ಖರ್ಚು ಬೇಕಿತ್ತೇ ಎಂದು ಕೇಳಬೇಕಾದವರು ಚಂದಾ ಕೊಟ್ಟ ನಾವು.

ಹೊರನಾಡಿನ ನಮ್ಮ ಸಂಘಗಳಿಗೂ ಸ್ವಂತ ಭವನ, ಬ್ಯಾಂಕಿನಲ್ಲಿ ಠೇವಣಿ ಬೇಕೆಂಬ ಆಸೆ ಸಹಜ. ಆಗಲಿ, ಒಳ್ಳೆಯದೇ. ಆದರೆ ಬಡ್ಡಿಯಲ್ಲೇ ಸಂಘ ನಡೆಯತೊಡಗಿದರೆ ಸದಸ್ಯರ ಬಾಗಿಲು ತಟ್ಟುವ ಕಷ್ಟ ತಪ್ಪುತ್ತದೆ. ಆ ಬಾಗಿಲಲ್ಲಿ ಎದುರಾಗುತ್ತಿದ್ದ ಪ್ರಶ್ನೆಯೂ ತಪ್ಪಿಹೋಗುತ್ತದೆ.