ಕಾಫಿ ಕಲೆ ಮತ್ತು ಟಿವಿಯ ಕೆಂಪು

ಟೇಬಲ್ ಮೇಲೆ ಬಿದ್ದ ಒಂದು ಹನಿ ಕಾಫಿಯನ್ನು ಒರೆಸದೆ ಒಣಗೋಕೆ ಬಿಡಿ. ಉಳಿಯೋದು ತುಂಬಿದ ಚುಕ್ಕೆ ಅಲ್ಲ, ಬಳೆ. ಅಂಚು ಗಾಢ, ನಡು ತೆಳು. ಯಾಕೆ ಹೀಗೆ ಅನ್ನೋದನ್ನು 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್, ಸಿಡ್ನಿ ನೇಗಲ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಹನಿಯ ಅಂಚು ಬಿದ್ದಲ್ಲೇ ಕಚ್ಚಿಕೊಳ್ಳುತ್ತೆ. ನೀರು ಆವಿಯಾಗೋದೂ ಅಲ್ಲೇ ಹೆಚ್ಚು. ಆ ನಷ್ಟ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತೆ, ಹೋಗುವಾಗ ಕಾಫಿಯ ಕಣಗಳನ್ನೂ ಹೊತ್ತೊಯ್ಯುತ್ತೆ. ಅಷ್ಟೇ.

ಟಿವಿ ಪರದೆಗೆ ಬಣ್ಣ ತುಂಬುವವರ ನಿದ್ದೆ ಕೆಡಿಸಿದ್ದೂ ಇದೇ ಬಳೆ.

ನಮ್ಮಂಥ ಸಾಫ್ಟ್‌ವೇರಿನವರಿಗೆ ಬಣ್ಣ ಅಂದ್ರೆ ಮೂರು ಅಂಕಿ. 255, 0, 0 ಅಂತ ಬರೆದರೆ ಕೆಂಪು. ಆ ಕೆಂಪು ಎಲ್ಲಿಂದ ಬರುತ್ತೆ ಅಂತ ಕೇಳೋದು ಕಡಿಮೆ. ಈಗಿನ ಕೆಲವು ಟಿವಿಗಳಲ್ಲಿ ಅದು ಬರೋದು ಕ್ವಾಂಟಮ್ ಡಾಟ್ ಎಂಬ, ಕೆಲವೇ ನ್ಯಾನೊಮೀಟರ್ ಅಗಲದ ಅರೆವಾಹಕ ಕಣದಿಂದ. ಕ್ಯಾಡ್ಮಿಯಮ್ ಸೆಲೆನೈಡ್ ಕಣ ಸುಮಾರು 2 ನ್ಯಾನೊಮೀಟರ್ ಇದ್ದರೆ ನೀಲಿಯ ಕಡೆ, 6ರ ಹತ್ತಿರ ಇದ್ದರೆ ಕೆಂಪು. ಪದಾರ್ಥ ಒಂದೇ, ಗಾತ್ರ ಬೇರೆ. ಗಾತ್ರದ ಈ ಆಟವನ್ನು 1981ರಲ್ಲಿ ಸೋವಿಯತ್ ಒಕ್ಕೂಟದ ಅಲೆಕ್ಸಿ ಎಕಿಮೊವ್ ಗಾಜಿನೊಳಗೆ ಕಂಡರು, 1983ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಲೂಯಿಸ್ ಬ್ರೂಸ್ ದ್ರವದೊಳಗೆ ಕಂಡರು. ಕಣಗಳನ್ನು ಒಂದೇ ಅಳತೆಗೆ ಬೆಳೆಸುವ ವಿಧಾನವನ್ನು 1993ರಲ್ಲಿ ಎಂಐಟಿಯ ಮೌಂಗಿ ಬವೆಂಡಿ ತಂಡ ಕೊಟ್ಟಿತು. 2023ರಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು, ಪೇಪರಿನವರ ಪಾಲಿಗೆ ಕತೆ ಮುಗೀತು. ನನಗೆ ಕುತೂಹಲ ಇರೋದು ಅದರಾಚೆಗೆ. ಸೀಸೆಯಲ್ಲಿರೋ ಬಣ್ಣವನ್ನು ಪರದೆಯಲ್ಲಿ ಕೂರಿಸಿದ್ದು ಹೇಗೆ?

2013ರಲ್ಲಿ ಸೋನಿ ಟಿವಿಗಳಿಗೆ ಬಂದಾಗ ಕಣಗಳನ್ನು ಗಾಜಿನ ಕೊಳವೆಯಲ್ಲಿ ತುಂಬಿ ಪರದೆಯ ಅಂಚಿಗೆ ಇಟ್ಟಿದ್ದರು. ಆಮೇಲೆ ಬೇರೆ ಕಂಪನಿಗಳು ಪರದೆಯ ಹಿಂದೆ ಇಡಿಯಾಗಿ ಒಂದು ಹಾಳೆ ಹಾಸಿದವು. ಎರಡೂ ಸುಲಭದ ಕೆಲಸ. ಕಷ್ಟ ಶುರುವಾಗಿದ್ದು ಪ್ರತಿ ಪಿಕ್ಸೆಲ್‌ಗೂ ಅದರದೇ ಕೆಂಪು, ಅದರದೇ ಹಸಿರು ಬೇಕು ಅಂದಾಗ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್. ಕೆಂಪಿಗೊಂದು, ಹಸಿರಿಗೊಂದು ಗುಳಿ ಅಂದ್ರೆ ಒಂದೂವರೆ ಕೋಟಿಗೂ ಮೇಲೆ.

ಹಳೆಯ ದಾರಿ ಒಂದಿತ್ತು: ಇಡೀ ಗಾಜಿಗೆ ಬಳಿಯೋದು, ಬೇಕಾದ ಕಡೆ ಬೆಳಕು ಬಿಟ್ಟು ಗಟ್ಟಿ ಮಾಡೋದು, ಉಳಿದದ್ದನ್ನು ತೊಳೆಯೋದು. ಪ್ರತಿ ಬಣ್ಣಕ್ಕೂ ಮತ್ತೆ ಅದೇ. ಬಳಿದದ್ದರಲ್ಲಿ ಹೆಚ್ಚಿನ ಪಾಲು ತೊಳೆದ ನೀರಿಗೆ. ದುಬಾರಿ ಮಾಲು, ಕ್ಯಾಡ್ಮಿಯಮ್ ಆದರೆ ವಿಷ ಬೇರೆ. ಯುರೋಪಿನಲ್ಲಿ ಎಲೆಕ್ಟ್ರಾನಿಕ್ ಸಾಮಾನಿಗೆ ಅದರ ಸಾಮಾನ್ಯ ಮಿತಿ ತೂಕದ ಶೇ. 0.01 ಮಾತ್ರ. ಅದಕ್ಕೇ ಹಲವರು ಇಂಡಿಯಮ್ ಫಾಸ್ಫೈಡ್ ಕಡೆ ಹೊರಳಿದರು. ಬೇಕಾದಲ್ಲಿ ಬೇಕಾದಷ್ಟೇ ಇಡೋ ಇಂಕ್‌ಜೆಟ್ಟಿನ ಮೇಲೆ ಕಣ್ಣು ಬಿದ್ದದ್ದೂ ಈ ಲೆಕ್ಕದಿಂದಲೇ.

ಇಂಕ್‌ಜೆಟ್ಟಿಗೂ ಒಂದು ಕತೆಯಿದೆ. 1977ರಲ್ಲಿ ಕ್ಯಾನನ್ನಿನ ಇಚಿರೊ ಎಂಡೊ ಅವರ ಲ್ಯಾಬಿನಲ್ಲಿ ಬಿಸಿ ಸಾಲ್ಡರಿಂಗ್ ಐರನ್ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿ ಶಾಯಿ ಚಿಮ್ಮಿತು, ಬಬಲ್‌ಜೆಟ್ ಹುಟ್ಟಿತು. ಕ್ವಾಂಟಮ್ ಡಾಟ್‌ಗೆ ಆ ಕಾವು ಒಗ್ಗಲ್ಲ. ವಿದ್ಯುತ್ ಕೊಟ್ಟಾಗ ಬಾಗಿ ಶಾಯಿಯನ್ನು ಹಿಂಡುವ ಪೀಜೊ ಹೆಡ್ ಬೇಕು, ಎಪ್ಸನ್ ಪ್ರಿಂಟರ್‌ಗಳಲ್ಲಿ ಇರುವಂಥದ್ದು. ಹನಿಯ ಅಳತೆ ಪಿಕೊಲೀಟರಿನಲ್ಲಿ. ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು.

ಇಷ್ಟು ಕರಾರುವಾಕ್ಕಾಗಿ ಇಟ್ಟ ಹನಿ ಒಣಗುವಾಗ ಮತ್ತೆ ಅದೇ ಕಾಫಿ ಬಳೆ! ಕಣಗಳೆಲ್ಲ ಅಂಚಿಗೆ, ನಡುವೆ ಬೋಳು. ಹಿಂದಿನಿಂದ ಬರೋ ನೀಲಿ ಬೆಳಕು ಆ ಬೋಳಿನಲ್ಲಿ ಸೋರಿ ಕೆಂಪು ಕೆಡುತ್ತೆ. ಒಂದು ಉಪಾಯ, ನಿಧಾನಕ್ಕೆ ಆರುವ ಇನ್ನೊಂದು ದ್ರವ ಬೆರೆಸಿ ಒಳಮುಖ ಹರಿವು ಹುಟ್ಟಿಸೋದು. ಇನ್ನೊಂದು ನನಗೆ ಬಹಳ ಇಷ್ಟವಾದದ್ದು: ಆರುವ ದ್ರವವನ್ನೇ ಬಿಟ್ಟುಬಿಡೋದು. ಹಲ್ಲಿನ ಡಾಕ್ಟರು ಹುಳುಕಿಗೆ ತುಂಬಿದ್ದನ್ನು ಲೈಟು ಹಿಡಿದು ಗಟ್ಟಿ ಮಾಡ್ತಾರಲ್ಲ, ಹಾಗೆ ಅತಿನೇರಳೆ ಬೆಳಕಿಗೆ ಗಟ್ಟಿಯಾಗೋ ಶಾಯಿ. ಒಣಗೋದೇ ಇಲ್ಲ ಅಂದಮೇಲೆ ಬಳೆ ಎಲ್ಲಿಂದ?

2021ರ ಕೊನೆಗೆ ದಕ್ಷಿಣ ಕೊರಿಯಾದ ಆಸಾನ್‌ನಲ್ಲಿ ಸ್ಯಾಮ್‌ಸಂಗ್ ಡಿಸ್‌ಪ್ಲೇ ಇಂಕ್‌ಜೆಟ್ಟಿನಲ್ಲಿ ಕೆಂಪು-ಹಸಿರು ಡಾಟ್ ತುಂಬಿದ ಕ್ಯೂಡಿ-ಓಎಲ್‌ಇಡಿ ಪರದೆಗಳನ್ನು ಕಳಿಸಲು ಶುರುಮಾಡಿತು. ಮರುವರ್ಷ ಸೋನಿ, ಸ್ಯಾಮ್‌ಸಂಗ್ ಟಿವಿಗಳಾಗಿ ಅಂಗಡಿಗೆ ಬಂದವು. ಶೋರೂಮಿನಲ್ಲಿ ಕಾಣೋ ‘ಕ್ಯೂಎಲ್‌ಇಡಿ’ ಬೋರ್ಡು ಬೇರೆ. ಅದು ಹಾಳೆ ಹಾಸಿದ ಎಲ್‌ಸಿಡಿ. ಹೆಸರಿಟ್ಟವರ ಜಾಣತನ.

ಮುಂದಿನ ಪ್ರಯತ್ನ, ನೀಲಿ ಬೆಳಕಿನ ಹಂಗಿಲ್ಲದೆ ವಿದ್ಯುತ್ತಿಗೆ ನೇರ ಉರಿಯೋ ಡಾಟ್. ಅಲ್ಲಿ ಪದರದ ದಪ್ಪ ಕೆಲವೇ ಹತ್ತು ನ್ಯಾನೊಮೀಟರ್. ಗಟ್ಟಿಯಾಗಿ ಉಳಿಯೋ ಅಂಟು ಅಲ್ಲಿ ವಿದ್ಯುತ್ತಿಗೆ ಅಡ್ಡ, ಹಾಗಾಗಿ ಆರುವ ದ್ರವವೇ ಬೇಕು. ಲ್ಯಾಬುಗಳಲ್ಲಿ ಆ ಹನಿ ಒಣಗೋದನ್ನು ಈಗಲೂ ಕಾಯ್ತಾ ಕೂತಿದ್ದಾರೆ.